ಹನ್ನೊಂದು ಖಾಲಿ ಖಾನೆ

ನಮ್ಮ ಊರಿನಲ್ಲಿ ಊರ ಹಾಳೆಯಲ್ಲಿ ಹೇಗೆ ಬರೆದಿದೆಯೋ ಊರು ಹಾಗಿರುತ್ತದೆ. ಒಬ್ಬನ ಮನೆಯ ಬಾಗಿಲು ಹಸಿರು ಎಂದು ಹಾಳೆಯಲ್ಲಿದ್ದರೆ, ಅವನು ಎಷ್ಟು ಡಬ್ಬಿ ನೀಲಿ ಬಣ್ಣ ಬಳಿದರೂ ಕೂಡಿಕೆಯ ದಿನ ಮೂರನೇ ಗಂಟೆ ಹೊಡೆದಾಗ ಬಾಗಿಲು ಹಸಿರಾಗಿಯೇ ನಿಲ್ಲುತ್ತದೆ. ಇದಕ್ಕೆ ನಾವು ಯಾರೂ ಬೆರಗಾಗುವುದಿಲ್ಲ. ಬೆರಗಾಗುತ್ತ ಕೂತರೆ ರೊಟ್ಟಿ ತಟ್ಟುವವರು ಯಾರು? ಬಣ್ಣ ತರುವ ಮೊದಲು ಜನ ನನ್ನ ಟೇಬಲ್ಲಿಗೆ ಬಂದು ಹೋಗುತ್ತಾರೆ, ಅಷ್ಟೇ. ನಾನು ರುದ್ರವ್ವ, ಪುರಸಭೆಯಲ್ಲಿ ಹಾಳೆ ನೋಡಿಕೊಳ್ಳುವವಳು. ಇಪ್ಪತ್ತಾರು ವರ್ಷದಿಂದ ಅದೇ ಟೇಬಲ್ಲು, ಅದೇ ಕಿಟಕಿ. ಕುರ್ಚಿ ಮಾತ್ರ ಮೂರನೆಯದು.

ಊರಲ್ಲಿ ಎರಡು ಪೇಟೆ. ಕಾಲುವೆಯ ಈಚೆಗಿನದು ಮೇಲಿನ ಪೇಟೆ, ಆಚೆಗಿನದು ಕೆಳಗಿನ ಪೇಟೆ. ಪ್ರತಿ ವರ್ಷ ತಾಯಿ ಹಾಳೆಯಿಂದ ಎರಡು ಪ್ರತಿ ತೆಗೆದು ಪೇಟೆಗೊಂದರಂತೆ ಕೊಡುತ್ತೇವೆ. ಹೆರಿಗೆ ಮನೆ ಮೇಲಿನ ಪೇಟೆಯಲ್ಲಿದೆ, ರೇಷನ್ ಅಂಗಡಿ ಕೆಳಗಿನ ಪೇಟೆಯಲ್ಲಿದೆ. ಹಾಗಾಗಿ ಎರಡು ಪ್ರತಿಯಲ್ಲೂ ಎಲ್ಲರ ಸಾಲೂ ಇರುತ್ತದೆ, ಎರಡು ಪೇಟೆಯವರೂ ತಮಗೆ ತಿಳಿದದ್ದನ್ನು ವರ್ಷವಿಡೀ ಬರೆಯುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದು ಇದ್ದದ್ದೇ. ಯುಗಾದಿ ಆದ ಮೇಲಿನ ಸೋಮವಾರ ಎರಡನ್ನೂ ಕೂಡಿಸಿ ಮತ್ತೆ ಒಂದು ತಾಯಿ ಹಾಳೆ ಮಾಡುವುದು ನನ್ನ ಕೆಲಸ. ಇದಕ್ಕೆ ಕೂಡಿಕೆ ಎನ್ನುತ್ತೇವೆ, ಆ ದಿನ ಪುರಸಭೆಯ ಗಂಟೆ ಮೂರು ಸಲ ಹೊಡೆಯುತ್ತದೆ, ಮೂರನೆಯದಕ್ಕೆ ಹೊಸ ಹಾಳೆ ಜಾರಿಗೆ ಬರುತ್ತದೆ.

ಕೂಡಿಸಲು ಇಷ್ಟು ವರ್ಷ ಕಂಪ್ಯೂಟರಿನಲ್ಲಿ ಕಣಜ ಎಂಬ ಪ್ರೋಗ್ರಾಂ ಇತ್ತು. ಕಣಜಕ್ಕೆ ಅವಸರ ಎಂಬುದು ಗೊತ್ತಿರಲಿಲ್ಲ. ಎರಡು ಪ್ರತಿಯನ್ನೂ ತಾಯಿ ಹಾಳೆಯ ಪಕ್ಕ ಇಟ್ಟುಕೊಂಡು, ವ್ಯತ್ಯಾಸ ಕಂಡಲ್ಲೆಲ್ಲ ನಿಂತು, ಇದನ್ನು ಇಡಲೋ ಅದನ್ನು ಇಡಲೋ ಎಂದು ಒಂದೊಂದಾಗಿ ಕೇಳುತ್ತಿತ್ತು. ನಾನು ಸಂಬಂಧಪಟ್ಟವರನ್ನು ಕರೆಸಿ ಕೇಳುತ್ತಿದ್ದೆ. ಒಮ್ಮೆ ಫಕೀರಪ್ಪ ಎಂಬವನ ಕಸಬಿನ ಖಾನೆಯಲ್ಲಿ ಮೇಲಿನ ಪ್ರತಿ ‘ಸಂಗೀತಗಾರ’ ಎಂದಿತ್ತು. ಅದು ಅವನ ಗೆಳೆಯರು ಬರೆಸಿದ್ದು. ಕೆಳಗಿನ ಪ್ರತಿಯಲ್ಲಿ ಅವನ ಹೆಂಡತಿ ‘ಏನೂ ಇಲ್ಲ’ ಎಂದು ಬರೆಸಿದ್ದಳು. ಇಬ್ಬರೂ ನನ್ನ ಟೇಬಲ್ಲಿನ ಮುಂದೆ ಒಂದು ಮಧ್ಯಾಹ್ನವಿಡೀ ಜಗಳಾಡಿ, ಕೊನೆಗೆ ‘ಹಾಡುತ್ತಾನೆ’ ಎಂಬಲ್ಲಿಗೆ ರಾಜಿಯಾದರು. ಹೀಗೆ ಎಲ್ಲ ಮುಗಿಯಲು ಸೋಮವಾರಕ್ಕೆ ಮೊದಲು ಮೂರು ದಿನ ಹಿಡಿಯುತ್ತಿತ್ತು.

ಕಣಜದ ಇನ್ನೊಂದು ಗುಣವೆಂದರೆ ಒಂದು ಪ್ರತಿಯಲ್ಲಿ ಖಾನೆ ಖಾಲಿಯಿದ್ದು ಇನ್ನೊಂದರಲ್ಲಿ ಏನಾದರೂ ಇದ್ದರೆ, ಇದ್ದದ್ದನ್ನು ಅದು ಮುಟ್ಟುತ್ತಿರಲಿಲ್ಲ. ಖಾಲಿ ಎಂದರೆ ಯಾರೂ ಏನೂ ಹೇಳಲಿಲ್ಲ ಎಂದಷ್ಟೇ ಅದರ ಲೆಕ್ಕ. ಆ ಧೈರ್ಯದ ಮೇಲೆ ಊರಲ್ಲಿ ನೂರೆಂಟು ರೂಢಿ ಬೆಳೆದವು. ಮೇಲಿನ ಪೇಟೆಯ ದೊಡ್ಡ ಮನುಷ್ಯರು ಐವತ್ತು ದಾಟಿದ ಕೂಡಲೇ ತಮ್ಮ ಪ್ರತಿಯಲ್ಲಿ ವಯಸ್ಸಿನ ಖಾನೆ ಅಳಿಸಿಕೊಳ್ಳುತ್ತಾರೆ. ಕೆಳಗಿನ ರೇಷನ್ ಅಂಗಡಿಯವನು ಬರೆದಿರುವುದರಿಂದ ವಯಸ್ಸೇನೂ ಎಲ್ಲಿಗೂ ಓಡಿಹೋಗುವುದಿಲ್ಲ. ಕೆಳಗಿನ ಪೇಟೆಯ ಒಬ್ಬಿಬ್ಬರು ಹಳೇ ಅಂಗಡಿಯವರು ಬೋರ್ಡಿನ ಖಾನೆ ಖಾಲಿ ಬಿಡುತ್ತಾರೆ, ಗೊತ್ತಿದ್ದವರಿಗೆ ಬೋರ್ಡು ಯಾಕೆ ಎಂದು.

ಕೆಳಗಿನ ಪೇಟೆಯ ಕೂಸುಗಳ ವಿಷಯ ಬೇರೆ. ಕೂಸು ಹುಟ್ಟಿದ ದಿನ ಹೆರಿಗೆ ಮನೆಯ ನರ್ಸಮ್ಮ ಮೇಲಿನ ಪ್ರತಿಯಲ್ಲಿ ‘ಇಂಥವಳ ಮಗ’, ‘ಇಂಥವಳ ಮಗಳು’ ಎಂದು ಬರೆಯುತ್ತಾಳೆ. ಕೆಳಗಿನ ಪ್ರತಿಯಲ್ಲೂ ಒಂದು ಸಾಲು ತೆರೆಯುತ್ತದೆ, ಆದರೆ ಕಿವಿ ಚುಚ್ಚುವವರೆಗೆ ಹೆಸರಿನ ಖಾನೆ ಖಾಲಿ. ತನ್ನ ಪೇಟೆಯ ಹಾಳೆಯಲ್ಲಿ ಹೆಸರು ಕಂಡರೆ ಕೂಸಿಗೆ ದೃಷ್ಟಿ ತಾಗುತ್ತದೆ ಎಂಬ ನಂಬಿಕೆ. ತೊಟ್ಟಿಲಿಗೆ ಹಾಕುತ್ತಾರೆ, ಹೆಸರಿಡುತ್ತಾರೆ, ಕಿವಿಯಲ್ಲಿ ಮೂರು ಸಲ ಹೇಳುತ್ತಾರೆ. ಬರೆಯುವುದಿಲ್ಲ.

ನಾನು ಬರೆದೆ. ಹತ್ತೊಂಬತ್ತು ವರ್ಷದ ಹಿಂದಿನ ಮಾತು, ನನ್ನ ಮನೆಯೂ ಕೆಳಗಿನ ಪೇಟೆಯಲ್ಲೇ. ಹಾಳೆ ನನ್ನ ಕೈಯಲ್ಲಿದೆ, ನನಗ್ಯಾವ ದೃಷ್ಟಿ ಎಂಬ ಸೊಕ್ಕಿತ್ತು. ತೊಟ್ಟಿಲಿಗೆ ಹಾಕಿದ ಮರುದಿನವೇ ಕೆಳಗಿನ ಪ್ರತಿ ತೆರೆದು ಮಗನ ಸಾಲಿನಲ್ಲಿ ‘ಚನ್ನವೀರ’ ಎಂದು ಬರೆದೆ. ಏಳನೇ ತಿಂಗಳಲ್ಲಿ ಅವನಿಗೆ ಜ್ವರ ಬಂತು. ಮೂರನೇ ದಿನ ಹೋದ. ಅಂದಿನಿಂದ ನಾನು ಓಣಿಯಲ್ಲಿ ಬರುವುದು ಕಂಡರೆ ಬಾಣಂತಿಯರು ಕೂಸಿನ ಮೇಲೆ ಸೆರಗು ಎಳೆಯುತ್ತಾರೆ. ಯಾರೂ ಬಿರುಸಾಗಿ ಒಂದು ಮಾತು ಆಡಿಲ್ಲ, ಮದುವೆ ಮುಂಜಿಗೆ ಕರೆಯುವುದನ್ನು ಬಿಟ್ಟಿಲ್ಲ. ಸೆರಗು ಎಳೆಯುತ್ತಾರೆ, ಅಷ್ಟೇ. ಇದನ್ನೆಲ್ಲ ನಾನು ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತ ಬಂದೆ. ನಿಜ ಹೇಳಬೇಕೆಂದರೆ ಅರ್ಧ ನಂಬಿದ್ದೆ.

ಈ ವರ್ಷ ಹೊಸ ಮುಖ್ಯಾಧಿಕಾರಿ ಬಂದರು, ಪಂಚಾಕ್ಷರಿ ಸಾಹೇಬರು. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುತ್ತಾರೆ, ಮಜ್ಜಿಗೆ ಕೊಟ್ಟರೆ ಲೋಟ ತಾವೇ ತೊಳೆದಿಡುತ್ತಾರೆ. ಹಳೇ ಕಂಪ್ಯೂಟರ್ ಸಂಕ್ರಾಂತಿಯ ಹೊತ್ತಿಗೆ ಕಣ್ಣು ಮುಚ್ಚಿತು, ಹೊಸದರಲ್ಲಿ ಕಣಜ ತೆರೆಯಲೇ ಇಲ್ಲ. ಅದನ್ನು ಮಾಡಿದವರಿಗೆ ಕಾಗದ ಬರೆದೆ. ಹೊಸ ಕಣಜ ಕಳಿಸಿದರು, ಆದರೆ ಅದರಲ್ಲಿ ಹೋಲಿಸಿ ಕೂಡಿಸುವ ಗುಂಡಿಯನ್ನೇ ತೆಗೆದುಹಾಕಿದ್ದರು. ಅದನ್ನು ಯಾರೂ ಬಳಸುವುದಿಲ್ಲವಂತೆ. ಆಗ ಸಾಹೇಬರು ಚಾಪೆ ಎಂಬ ಬೇರೆ ಪ್ರೋಗ್ರಾಂ ತಂದರು.

ಚಾಪೆ ಏನನ್ನೂ ಕೇಳುವುದಿಲ್ಲ. ಅದಕ್ಕೆ ಮೂರು ಗುಂಡಿ ಇವೆ, ‘ಕೆಳಗೆ ಸೇರಿಸು’, ‘ಪಕ್ಕದಲ್ಲಿಡು’, ‘ಮೇಲೆ ಹೊದಿಸು’. ಒಂದನ್ನು ಒತ್ತಿದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಯಾವುದು ಒಳ್ಳೆಯದು ಎಂದು ನೋಡಲು ಮೂರು ಸಣ್ಣ ಹಾಳೆಗಳ ಮೇಲೆ ಪರೀಕ್ಷೆ ಮಾಡಿದೆವು. ಎಮ್ಮೆಗಳ ಹಾಳೆಗೆ ‘ಕೆಳಗೆ ಸೇರಿಸು’ ಒತ್ತಿದೆವು. ಒಂದು ಪ್ರತಿಯ ಕೆಳಗೆ ಇನ್ನೊಂದು ಹಾಗೆಯೇ ಬಂದು ಕೂತಿತು, ಗಂಟೆ ಹೊಡೆದಾಗ ಊರಿನ ಒಂದೊಂದು ಎಮ್ಮೆಯೂ ಎರಡಾಯಿತು. ಮೊದಲ ದಿನ ಜನ ಕೊಡಪಾನ ಹೊತ್ತು ಕುಣಿದರು. ನಾಲ್ಕನೇ ದಿನಕ್ಕೆ ಮೇವು ಮುಗಿದು ನನ್ನ ಕಿಟಕಿಯ ಹೊರಗೆ ಎಮ್ಮೆಗಳೇ ನಿಂತಿದ್ದವು. ರಸ್ತೆಗಳ ಹಾಳೆಗೆ ‘ಪಕ್ಕದಲ್ಲಿಡು’ ಒತ್ತಿದೆವು. ಎರಡು ಪ್ರತಿ ಒಂದೇ ಫೈಲಿನಲ್ಲಿದ್ದೂ ಒಂದಕ್ಕೊಂದು ಸಂಬಂಧವಿಲ್ಲದೆ ಕೂತವು. ಸೇತುವೆ ಹತ್ತಿದ ಹಾಲಿನವನು ಎಷ್ಟು ನಡೆದರೂ ಹತ್ತಿದ ದಡದಲ್ಲೇ ಇಳಿಯುತ್ತಿದ್ದ. ಸೇರಿಸಿದ್ದನ್ನು ಅಳಿಸಿದೆವು, ಪಕ್ಕದಲ್ಲಿಟ್ಟದ್ದನ್ನು ತೆಗೆದೆವು, ಎರಡೂ ಸರಿಹೋದವು.

ಅಂಗಡಿಗಳ ಹಾಳೆಗೆ ‘ಮೇಲೆ ಹೊದಿಸು’ ಒತ್ತಿದೆವು. ಮೊದಲು ಮೇಲಿನ ಪ್ರತಿ, ಅದರ ಮೇಲೆ ಕೆಳಗಿನದು. ಎಲ್ಲ ಅಚ್ಚುಕಟ್ಟಾಗಿ ಕೂಡಿತು. ಅಧ್ಯಕ್ಷ ವೀರಬಸಪ್ಪನವರು ಸಾಹೇಬರ ಬೆನ್ನು ತಟ್ಟಿದರು. ಮರುದಿನ ಕೆಳಗಿನ ಪೇಟೆಯ ಇಮಾಮಸಾಬನ ಸೈಕಲ್ ಅಂಗಡಿ ಯಾರಿಗೂ ಸಿಗಲಿಲ್ಲ. ಪಂಕ್ಚರಾದ ಸೈಕಲ್ ತಳ್ಳಿಕೊಂಡು ಜನ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದರು. ಅವನು ಒಳಗಿನಿಂದ ಕೂಗಿದರೂ ಕೇಳುತ್ತಿರಲಿಲ್ಲ. ಕೆಳಗಿನ ಪ್ರತಿಯಲ್ಲಿ ಈ ವರ್ಷ ಅವನೊಬ್ಬನ ಬೋರ್ಡಿನ ಖಾನೆ ಖಾಲಿಯಿತ್ತು. ಚಾಪೆಗೆ ಖಾಲಿಯೂ ಒಂದು ಮಾತೇ. ಮೇಲಿನ ಪ್ರತಿಯಲ್ಲಿದ್ದ ‘ಇಮಾಮಸಾಬ ಸೈಕಲ್ ಅಂಗಡಿ’ಯ ಮೇಲೆ ಅದು ಖಾಲಿಯನ್ನು ಹೊದಿಸಿತ್ತು. ಹೊದಿಸಿದ ಮೇಲೆ ಅಡಿಯಲ್ಲಿದ್ದದ್ದು ಮತ್ತೆ ಸಿಗುವುದಿಲ್ಲ. ಯುಗಾದಿಯ ದೊಡ್ಡ ಕೂಡಿಕೆಯಲ್ಲಿ ಮತ್ತೆ ಬರೆಸಿಕೊಳ್ಳುವವರೆಗೆ ಅವನು ಕಾಯಬೇಕು.

ನಾನು ಅವತ್ತೇ ಕೆಳಗಿನ ಪೇಟೆಯ ಪ್ರತಿ ತೆರೆದು ಕೂಸುಗಳ ಖಾನೆ ಎಣಿಸಿದೆ. ಹನ್ನೊಂದು ಖಾಲಿ. ಅಂಗಡಿಯೇನೋ ಕಾಯುತ್ತದೆ. ಮೊಲೆ ಕುಡಿಯುವ ಕೂಸನ್ನು ಹೆತ್ತವಳು ಒಮ್ಮೆ ಚಾಪೆಯ ಮೇಲೆ ಮಲಗಿಸಿ ಈ ಕಡೆ ತಿರುಗಿದಳೆಂದರೆ, ಮತ್ತೆ ಕಾಣದ, ಅತ್ತರೆ ಕೇಳದ ಆ ಕೂಸು ಎಷ್ಟು ಹೊತ್ತು ಕಾಯುತ್ತದೆ? ಸುಮ್ಮನೆ ಒಂದು ಖಾನೆಯಲ್ಲಿ ನಾನೇ ‘ಕೂಸು’ ಎಂದು ಬರೆದು ನೋಡಿದೆ. ಕಣ್ಣು ಮಿಟುಕಿಸುವುದರೊಳಗೆ ಅಳಿಸಿಹೋಯಿತು. ಕೂಸಿನ ಹೆಸರಿನ ಖಾನೆಯಲ್ಲಿ ಮಾತ್ರ ಮನೆಯವರ ಬಾಯಿಂದ ಒಪ್ಪಿಗೆ ಬಾರದೆ ಯಾರು ಬರೆದರೂ ನಿಲ್ಲುವುದಿಲ್ಲ.

ಪುರಸಭೆಯ ಮೀಟಿಂಗಿನಲ್ಲಿ ಎದ್ದು ನಿಂತೆ. “ಸಾಹೇಬರ, ಮೊದ್ಲ ಕೆಳಗಿನ ಪ್ರತಿ ಹಾಸೂಣು, ಅದರ ಮ್ಯಾಲ ಮೇಲಿನದು ಹೊದಸೂಣು. ಮೇಲಿನ ಪ್ರತಿಯೊಳಗ ನರ್ಸಮ್ಮ ಬರದಿದ್ದು ಐತಿ. ಹನ್ನೊಂದೂ ಕೂಸು ಉಳೀತಾವ,” ಎಂದೆ.

ಸಾಹೇಬರು ತಲೆಯಾಡಿಸಿದರು. ಆದರೆ ಅಧ್ಯಕ್ಷರು ಕುರ್ಚಿಯಲ್ಲಿ ಒಮ್ಮೆ ಸರಿದು ಕೂತರು. “ಹಂಗ ಮಾಡಿದ್ರ ನಮ್ಮ ವಯಸ್ಸಿನ ಗತಿ ಏನು? ನಮ್ಮ ಪ್ರತಿಯೊಳಗ ಖಾಲಿ ಬಿಟ್ಟೀವಿ.”

“ಬರಸ್ಕೋರಿ,” ಎಂದೆ.

“ಐವತ್ತರ ಮ್ಯಾಲ ವಯಸ್ಸು ಬರಸ್ಕೊಳ್ಳೋದು ಮೇಲಿನ ಪೇಟ್ಯಾಗ ರೂಢಿ ಇಲ್ಲ, ರುದ್ರವ್ವ.”

“ಹಂಗಾದ್ರ ವಯಸ್ಸು ಇಲ್ಲದಂಗ ಇರ್ರಿ.”

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ನಗಲಿಲ್ಲ. ವಯಸ್ಸು ಹೋದರೆ ಅಣ್ಣ ಎನ್ನಬೇಕೋ ತಮ್ಮ ಎನ್ನಬೇಕೋ ಯಾರಿಗೂ ತಿಳಿಯುವುದಿಲ್ಲ, ನಿನ್ನೆ ಮೊನ್ನೆ ಮೀಸೆ ಬಂದವನೂ ಅವರನ್ನು ‘ಲೇ’ ಎನ್ನಬಹುದು. ನೂರಾ ಎಪ್ಪತ್ತು ಹಿರಿಯರ ಮರ್ಯಾದೆಯ ಪ್ರಶ್ನೆ ಎಂದರು. ಕೈ ಎತ್ತಿಸಿದರು, ನನ್ನ ಕಡೆ ಎರಡೇ ಕೈ ಎದ್ದವು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಎಷ್ಟು ಹೊತ್ತು ಕಾಲು ಎಣಿಸುವುದು? ಹೊರಗೆ ಬರುವಾಗ ಸಾಹೇಬರು ಹಿಂದೆಯೇ ಬಂದರು. “ಅಕ್ಕಾರ, ಹನ್ನೊಂದು ಖಾನೆ ತುಂಬಿಸೋದು ಸುಲಭ ಅಲ್ಲೇನ್ರಿ? ಮನೀಮನೀಗೆ ಹೋಗಿ ಹೇಳ್ರಿ. ಕೂಡಿಕೆ ದಿನ ಎರಡನೇ ಗಂಟೆ ತನಕ ಬರೀಲಿಕ್ಕೆ ನಾ ಬಿಟ್ಟಿರ್ತೀನಿ,” ಎಂದರು. ಸುಲಭವೇ. ಹೇಳುವವಳು ನಾನಲ್ಲದಿದ್ದರೆ.

ಆದರೂ ಹೋಗುವುದೆಂದು ಗಟ್ಟಿ ಮಾಡಿಕೊಂಡೆ. ಹನ್ನೊಂದು ಮನೆಯ ಪಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ನಾಲ್ಕು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೂರು, ಸಂಜೆ ನಾಲ್ಕು. ಕೆಲವರು ನೀರು ಕೊಟ್ಟು ಕೇಳಿಸಿಕೊಂಡರು. ಕೆಲವರು ಬಾಗಿಲ ಮರೆಯಿಂದಲೇ ಮಾತಾಡಿದರು. ಎಲ್ಲರ ಮಾತೂ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿತ್ತು. ಒಬ್ಬ ಮುದುಕಿ ಮಾತ್ರ ಸುತ್ತಿ ಬಳಸಲಿಲ್ಲ. “ನೀ ಬರದಿದ್ದೆಲ್ಲವಾ? ಏನಾತು?” ಎಂದು ಕೇಳಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಳೆಯಲ್ಲಿ ಬರೆದಂತೆ ನಡೆಯುವ ಊರಿನಲ್ಲಿ, ಬರೆಯಲು ಹೆದರುವವರನ್ನು ಯಾವ ಬಾಯಿಂದ ಬೈಯುವುದು?

‘ಕಸ’, ‘ಕಲ್ಲು’ ಎಂದು ಏನಾದರೂ ಹಗುರ ಮಾತು ಬರೆಸಿದರೆ ದೃಷ್ಟಿಯೂ ತಾಗುವುದಿಲ್ಲ, ಖಾನೆಯೂ ತುಂಬುತ್ತದೆ ಎಂದು ಒಬ್ಬ ಅಜ್ಜ ಜಾಣತನ ತೋರಿಸಿದ. “ಅಜ್ಜಾ, ಕಲ್ಲು ಅಂತ ಬರದ್ರ ಮೂರನೇ ಗಂಟಿಗೆ ತೊಟ್ಟಿಲದಾಗ ಏನಿರತೈತಿ?” ಎಂದೆ. ಅವನು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಒಳಗೆ ಹೋದ.

ಹನ್ನೊಂದನೇ ಮನೆ ದುಂಡವ್ವನದು. ಇಡೀ ಕೆಳಗಿನ ಪೇಟೆಗೆ ರೊಟ್ಟಿ ಮಾಡಿ ಕೊಡುವವಳು, ನನಗಿಂತ ಆರು ವರ್ಷ ಸಣ್ಣವಳು. ನಲವತ್ತೊಂದಕ್ಕೆ ಹೆಣ್ಣು ಕೂಸು ಹೆತ್ತಿದ್ದಳು, ಐದು ತಿಂಗಳಾಗಿತ್ತು. ಅದಕ್ಕೂ ಮೊದಲು ಎರಡು ಕೂಸು ಹೋಗಿದ್ದವು. ನನ್ನನ್ನು ಕಂಡೊಡನೆ ಅವಳೂ ಕೂಸಿನ ಮೇಲೆ ಸೆರಗು ಎಳೆದಳು, ಎಳೆದದ್ದಕ್ಕೆ ಮುಖ ತಗ್ಗಿಸಿದಳು. ಅವಳ ಆ ಎರಡೂ ಕೂಸುಗಳ ಖಾನೆ ಖಾಲಿಯೇ ಇದ್ದವು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಗಾಯದ ಮೇಲೆ ಬರೆ ಎಳೆಯುವ ಮಾತು ಅದು. ನುಂಗಿಕೊಂಡೆ.

“ಅಕ್ಕ, ನಾ ಬರಸಂಗಿಲ್ಲ,” ಎಂದಳು. “ನಾ ಹಗಲೂ ರಾತ್ರಿ ಕೂಸಿನ ಕೈ ಹಿಡಕೊಂಡ ಕೂಡತೀನಿ. ಹಿಡಕೊಂಡಿದ್ದು ಕಳೆಯಂಗಿಲ್ಲಂತ. ಕೈ ಬಿಡಂಗಿಲ್ಲ.”

“ರೊಟ್ಟಿ ಹ್ಯಾಂಗ ತಟ್ಟತಿ?”

“ತಟ್ಟಂಗಿಲ್ಲ.”

“ಬಾ ನನ್ನ ಜೋಡಿ. ಒಂದೀಟು ಬಾ,” ಎಂದೆ. ಕೂಸನ್ನು ಬಗಲಿಗೆ ಕಟ್ಟಿಕೊಂಡು, ನನ್ನಿಂದ ನಾಲ್ಕು ಮಾರು ಹಿಂದೆ ನಡೆಯುತ್ತ ಬಂದಳು.

ಇಮಾಮಸಾಬ ಬೀದಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಅವನೇನೋ ಎಲ್ಲರಿಗೂ ಕಾಣುತ್ತಿದ್ದ, ಕಾಣದ್ದು ಅಂಗಡಿ. “ಸಾಬರ, ಒಳಗ ಹೋಗ್ರಿ,” ಎಂದೆ. ಅವನು ಎದ್ದು ಹಿಟ್ಟಿನ ಗಿರಣಿಗೂ ದರ್ಜಿ ಅಂಗಡಿಗೂ ನಡುವೆ ನಡೆದ, ನಡೆದಲ್ಲೇ ಇಲ್ಲವಾದ. ಅಲ್ಲಿ ಗಿರಣಿಯ ಗೋಡೆ, ಪಕ್ಕದಲ್ಲೇ ದರ್ಜಿಯ ಗೋಡೆ. ದುಂಡವ್ವ ಹುಟ್ಟಿದಾಗಿನಿಂದ ಈ ಬೀದಿಯಲ್ಲಿ ಓಡಾಡಿದವಳು. ಗೋಡೆ ಮುಟ್ಟಿ ನೋಡಿದಳು. “ಸಾಬಣ್ಣಾ,” ಎಂದು ಕೂಗಿದಳು. ಏನೂ ಕೇಳಿಸಲಿಲ್ಲ. ಆಮೇಲೆ ಗೋಡೆಯಿಂದ ಒಂದು ಕೈ ಬಂತು, ಗ್ರೀಸು ಮೆತ್ತಿದ ಕೈ. ನಾನು ಆ ಕೈಯನ್ನು ಅವಳ ಕೈಗೆ ಕೊಟ್ಟೆ, ಅವಳ ಸೆರಗಿನ ತುದಿ ಹಿಡಿದು ನಾನೂ ಹಿಂದೆ ಹೋದೆ.

ಒಳಗೆ ಎಲ್ಲ ಇದ್ದ ಹಾಗೆಯೇ ಇತ್ತು. ಮೊಳೆಗೆ ತೂಗುಹಾಕಿದ ಟ್ಯೂಬುಗಳು, ನೀರಿನ ಬೋಗುಣಿ, ತಲೆಕೆಳಗಾಗಿ ನಿಲ್ಲಿಸಿದ ಒಂದು ಸೈಕಲ್. ಇಮಾಮಸಾಬನ ಗಡ್ಡ ಬೆಳೆದಿತ್ತು. “ಎರಡು ವಾರ ಆತವ್ವ. ಬರೂ ಮಂದಿ ಕಾಲಿನ ಸಪ್ಪಳ ಎಲ್ಲಾ ಕೇಳತೈತಿ. ನಾ ಒದರಿದ್ದು ಒಬ್ಬರಿಗೂ ಕೇಳಂಗಿಲ್ಲ. ಮೊದಲೆರಡು ದಿನ ಒದರಿದೆ. ಈಗ ಬಿಟ್ಟೀನಿ,” ಎಂದ. ದುಂಡವ್ವ ಅವನ ಮುಖವನ್ನೇ ನೋಡುತ್ತಿದ್ದಳು. “ಈಗ ಕೈ ಬಿಡು,” ಎಂದೆ. ಅವಳು ಬಿಟ್ಟಳು. ಮರುಕ್ಷಣ ನಾವಿಬ್ಬರೂ ಇಳಿಬಿಸಿಲಿನಲ್ಲಿ ಬೀದಿಯ ನಡುವೆ ಗಿರಣಿಯ ಗೋಡೆ ನೋಡುತ್ತ ನಿಂತಿದ್ದೆವು. ಅವಳು ಕೂಸನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮನೆಗೆ ಹೋದಳು.

ಯುಗಾದಿ ಆಯಿತು, ಬೇವು ಬೆಲ್ಲ ತಿಂದೆವು, ಸೋಮವಾರ ಬಂತು. ಹತ್ತು ಗಂಟೆಗೇ ಹೋಗಿ ಕೆಳಗಿನ ಪ್ರತಿ ತೆರೆದು ಕೂತೆ. ಮೊದಲು ಇಮಾಮಸಾಬ ಬಂದು ಬೋರ್ಡಿನ ಖಾನೆಯಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಂಗಡಿ ಶುರುವಾದ ವರ್ಷ ಎಲ್ಲವನ್ನೂ ಬರೆಸಿದ. ಇನ್ನು ಯಾವ ಚಾಪೆ ಬಂದರೂ ಮೈಯೆಲ್ಲ ಮುಚ್ಚಬಾರದು ಎಂದ. ಮೊದಲನೇ ಗಂಟೆ ಹೊಡೆಯಿತು. ಹನ್ನೊಂದು ಖಾನೆ ಹಾಗೇ ಇದ್ದವು. ಸಾಹೇಬರು ಎರಡು ಸಲ ಬಂದು ನನ್ನ ಬೆನ್ನ ಹಿಂದೆ ನಿಂತು ಹೋದರು. ಯಾರೂ ಬರದಿದ್ದರೆ ಏನು ಮಾಡಬೇಕೆಂದು ಯೋಚಿಸಿಯೇ ಬಂದಿದ್ದೆ. ಆ ಹೊದಿಸುವ ಗುಂಡಿಯನ್ನು ನಾನು ಒತ್ತುವುದಿಲ್ಲ, ಒತ್ತಲು ಬಂದವರ ಕೈ ಹಿಡಿಯುತ್ತೇನೆ, ಕೆಲಸ ಹೋದರೆ ಹೋಗಲಿ ಎಂದು. ಆದರೆ ಒಬ್ಬಳು ಎಷ್ಟು ಕೈ ಹಿಡಿದಾಳು?

ಎರಡನೇ ಗಂಟೆಗೆ ಇನ್ನೂ ಮುಕ್ಕಾಲು ತಾಸು ಇರುವಾಗ ಅಂಗಳದಲ್ಲಿ ಗದ್ದಲವಾಯಿತು. ಕಿಟಕಿಯಿಂದ ನೋಡಿದೆ. ಮುಂದೆ ದುಂಡವ್ವ, ಬಗಲಲ್ಲಿ ಕೂಸು. ಹಿಂದೆ ಹತ್ತು ಬಾಣಂತಿಯರು, ಅವರ ಹಿಂದೆ ಅತ್ತೆಯರು, ಕೊನೆಯಲ್ಲಿ ಆ ಹಲ್ಲಿಲ್ಲದ ಅಜ್ಜ. ಏಳು ದಿನ ಇವಳು ರೊಟ್ಟಿ ಕೊಡುವ ನೆಪದಲ್ಲಿ ಮನೆಮನೆಗೆ ಹೋಗಿ ಒಬ್ಬೊಬ್ಬಳನ್ನೂ ಇಮಾಮಸಾಬನ ಕೈ ಹಿಡಿಸಿ ಒಳಗೆ ಕರೆದುಕೊಂಡು ಹೋಗಿದ್ದಳಂತೆ. ನನಗೆ ಒಂದು ಮಾತು ಹೇಳಿರಲಿಲ್ಲ.

ಬಂದವರು ಗೋಡೆಗೆ ಒತ್ತಿ ನಿಂತರು. ಬರೆಸಲು ಒಪ್ಪಿ ಬಂದಿದ್ದರೇನೋ ನಿಜ, ಆದರೆ ಯಾರ ಕೈಯಿಂದ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಒಬ್ಬ ಅತ್ತೆ ಗಂಟಲು ಸರಿಮಾಡಿಕೊಂಡು, “ಸಾಹೇಬರ ಬರೀಲಿ. ಅವರು ಪರ ಊರವರು. ಅವರ ಕೈ ನಮ್ಮ ಪೇಟೀದಲ್ಲ,” ಎಂದಳು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಕುರ್ಚಿಯಿಂದ ಎದ್ದೆ. ಸಾಹೇಬರು ಅಂಗಿಯ ತೋಳು ಮಡಿಸಿಕೊಂಡು ಕುರ್ಚಿಗೆ ಬಂದರು. ನನಗೇನೂ ಅವಮಾನವಾಗಲಿಲ್ಲ, ಯಾರು ಬರೆದರೇನು, ಹನ್ನೊಂದು ತುಂಬಿದರೆ ಸಾಕು ಎಂದುಕೊಂಡೆ.

“ಇಲ್ಲ,” ಎಂದಳು ದುಂಡವ್ವ. “ನಂದ ಮೊದಲ. ನಂದು ರುದ್ರಕ್ಕ ಬರೀಲಿ.”

“ಬ್ಯಾಡ ದುಂಡವ್ವ,” ಎಂದೆ. “ಸಾಹೇಬರು ಬರೀತಾರ. ನನ್ನ ಕೈ ಬ್ಯಾಡ. ನಾಳೆ ಕೂಸಿಗೆ ಒಂದು ಶೀತ ಆದ್ರೂ ನಾ ಬದುಕಂಗಿಲ್ಲ.”

“ಅಕ್ಕ, ನಾ ಎರಡ ಸಲ ಖಾಲಿ ಬಿಟ್ಟೆ. ಎರಡ ಕೂಸೂ ಹೋದವು. ಅದಕ್ಕ ಯಾರ ಕೈ ಕಾರಣ?” ಅವಳು ಹಿಂದೆ ತಿರುಗಿ ಆ ಅತ್ತೆಯರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿನ್ನ ಕೈ ಮಗನ ಹೆಸರು ಬರದಿತ್ತು. ಜ್ವರ ಅಂತ ಬರದಿದ್ದಿಲ್ಲ.”

ಹತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ನನಗೆ ಯಾರ ಬಾಯೂ ಹೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಸಾಹೇಬರು ಸದ್ದಿಲ್ಲದೆ ಎದ್ದು ಕುರ್ಚಿ ನನ್ನ ಕಡೆ ತಿರುಗಿಸಿದರು. ಕೂತೆ. ಕೀಲಿಗಳು ಮಂಜಾಗಿ ಕಾಣುತ್ತಿದ್ದವು, ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಮತ್ತೆ ಮಂಜಾದವು. “ಹೆಸರ ಹೇಳು,” ಎಂದೆ.

“ಅನ್ನಪೂರ್ಣಾಂಬಿಕಾ.”

“ಏನ ದೊಡ್ಡ ಹೆಸರ ಇಟ್ಟೀಯವ್ವ. ಖಾನೆಯೊಳಗ ಹಿಡಸಂಗಿಲ್ಲ.”

“ಖಾನೆ ಅಗಲ ಮಾಡು,” ಎಂದಳು. ಕಾಲಂ ಹಿಡಿದು ಎಳೆದು ಅಗಲ ಮಾಡಿದೆ. ಒಂದೊಂದೇ ಅಕ್ಷರ ಒತ್ತಿದೆ. ಅಳಿಸಿಹೋಗುತ್ತದೆಯೋ ಎಂದು ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಅಳಿಸಿಹೋಗಲಿಲ್ಲ. ಆಮೇಲೆ ಉಳಿದವರು ಸರದಿಯಲ್ಲಿ ಬಂದರು. ಇಬ್ಬರು ಮಾತ್ರ ಸಾಹೇಬರ ಕೈಯಿಂದಲೇ ಬರೆಸಿದರು, ಅವರ ಇಷ್ಟ. ದುಂಡವ್ವನ ಕೂಸಿನದೂ ಸೇರಿ ಎಂಟು ಹೆಸರು ನಾನು ಬರೆದೆ. ಕೊನೆಯ ಕೂಸಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ, ತೊಟ್ಟಿಲ ಶಾಸ್ತ್ರ ಗುರುವಾರವಿತ್ತು. ಅದರ ತಾಯಿ ಹದಿನೆಂಟರ ಹುಡುಗಿ, ಗಾಬರಿಯಿಂದ ಅಳತೊಡಗಿದಳು. ಅತ್ತೆ ಸೊಸೆ ಪಿಸುಪಿಸು ಮಾತಾಡಿಕೊಂಡು ಅಲ್ಲೇ, ಕಂಪ್ಯೂಟರಿನ ಮುಂದೆಯೇ, ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿ ನನಗೂ ಹೇಳಿದರು. ಅದನ್ನೂ ನಾನೇ ಬರೆದೆ. ಅಷ್ಟರಲ್ಲಿ ಎರಡನೇ ಗಂಟೆ ಹೊಡೆಯಿತು.

ಸಾಹೇಬರು ಮೇಲಿನ ಪ್ರತಿ ಹಾಸಿದರು, ಕೆಳಗಿನದನ್ನು ಹೊದಿಸಿದರು. ಎರಡು ನಿಮಿಷವೂ ಆಗಲಿಲ್ಲ. ಆಮೇಲೆ ಮೂರನೇ ಗಂಟೆಯವರೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಯಾರೂ ಮನೆಗೆ ಹೋಗಲಿಲ್ಲ. ತಾಯಂದಿರೆಲ್ಲ ನೆಲದ ಮೇಲೆ ಕೂತು ಕೂಸುಗಳ ಕೈ ಹಿಡಿದುಕೊಂಡಿದ್ದರು. ಗಂಟೆ ಹೊಡೆಯಿತು. ಎಲ್ಲರೂ ಹಿಡಿದೇ ಇದ್ದರು. ಬಿಡುವ ಧೈರ್ಯ ಯಾರಿಗೆ?

ದುಂಡವ್ವ ಎದ್ದಳು. ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು, ಕೈ ಬಿಟ್ಟಳು, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದಳು. ಕೂಸು ನನ್ನ ಸೀರೆಯ ನೆರಿಗೆ ಹಿಡಿದು ಬಾಯಿಗೆ ತುಂಬಿಕೊಳ್ಳುತ್ತಿತ್ತು. ನನಗೂ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಆಗ ಒಬ್ಬೊಬ್ಬರಾಗಿ ಉಳಿದವರೂ ಕೈ ಬಿಟ್ಟರು. ಹನ್ನೊಂದೂ ಇದ್ದವು. ಮೂರು ಅಳುತ್ತಿದ್ದವು, ಅದು ಎಲ್ಲರಿಗೂ ಕೇಳುತ್ತಿತ್ತು.

ಎತ್ತಿಕೊಳ್ಳಲಿ ಎಂದು ಕೂಸನ್ನು ದುಂಡವ್ವನ ಕಡೆ ಚಾಚಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

“ನಿನ್ನ ಕಡೇನ ಇಟ್ಗೊ ಅಕ್ಕ, ಸಂಜೀಮಟಾ. ಏಳು ಮನಿ ರೊಟ್ಟಿ ಬಾಕಿ ಅದಾವ,” ಎಂದು ಹೇಳಿ, ತಿರುಗಿ ನೋಡದೆ ಹೊರಟುಹೋದಳು.